ಹಸಿರು ಮುಚ್ಚಳ

ಫಿಲ್ಮಿನಲ್ಲಿ ಏನೂ ಇರಲಿಲ್ಲ.

ಸ್ಟುಡಿಯೋದವರು ಅದನ್ನು ಡಬ್ಬಿಯಿಂದ ಬಿಚ್ಚಿ, ಎರಡು ಬೆರಳಿನ ನಡುವೆ ನೀರು ಜಾರಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಈ ತುದಿಯಿಂದ ಆ ತುದಿಯವರೆಗೆ ತೊಳೆದಿಟ್ಟ ಗಾಜಿನ ಹಾಗೆ ತಿಳಿಯಾಗಿತ್ತು. ಅಂಚಿನಲ್ಲಿ ಕಂಪನಿಯವರು ಹಾಕಿದ ಪುಟ್ಟ ಅಂಕಿಗಳು ಮಾತ್ರ ಇರುವೆ ಸಾಲಿನಂತೆ ಕಪ್ಪಗೆ ಮೂಡಿದ್ದವು.

"ಅಂಕಿ ಬಂದಿದೆ, ಅಂದ್ರೆ ನನ್ನ ಔಷಧಿ ಸರಿಯಾಗೇ ಇದೆ. ಚಿತ್ರ ಬಂದಿಲ್ಲ, ಅಂದ್ರೆ ಒಳಗೆ ಬೆಳಕೇ ಹೋಗಿಲ್ಲ," ಎಂದರು.

ಗುಬ್ಬಿ ತೊಟ್ಟಿಯ ಅಂಚನ್ನು ಹಿಡಿದುಕೊಂಡಳು. ಹಾಲಿನ ಡೇರಿಯಲ್ಲಿ ಕೊಬ್ಬು ಅಳೆಯುವ ಕೈ ಅದು. ತೆಳ್ಳಗಿನ ಕೊಳವೆಯಲ್ಲಿ ಆಮ್ಲ ಸುರಿಯುವಾಗಲೂ ಅಲುಗದ ಕೈ. ಆ ಕೈಯಿಂದಲೇ ಫಿಲ್ಮಿನ ತುದಿ ಎಳೆದುಕೊಂಡು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು.

ಗಡಿಯಾರದಜ್ಜ ತನ್ನ ಅಂಗಡಿಯಲ್ಲಿ ತಲೆಗೆ ಏಟು ಬಿದ್ದು ಸತ್ತ ಮಧ್ಯಾಹ್ನ, ಅವನ ಹಿಂಬಾಗಿಲಿನಿಂದ ಹೊರಗೆ ಕಾಲಿಟ್ಟವನತ್ತ ಕ್ಯಾಮೆರಾ ಹಿಡಿದವಳು ಅವಳು. ಆ ಸಾವಿನ ಆರೋಪ ಹೊತ್ತು ಲಾಕಪ್ಪಿನಲ್ಲಿ ಕೂತವನು ಅವಳ ತಮ್ಮ.

"ಎಲ್ಲಾ ಚಿತ್ರಗಳೂ ಹೀಗೇನಾ?" ಎಂದು ಕೇಳಿದಳು.

"ಎಲ್ಲಾನೂ. ನೋಡಮ್ಮಾ, ಈ ರೇಂಜ್‌ಫೈಂಡರ್ ಕ್ಯಾಮೆರಾ ಗಂಡ ಹೆಂಡತಿ ಇದ್ದ ಹಾಗೆ. ನೋಡೋ ಕಣ್ಣು ಬೇರೆ, ಚಿತ್ರ ಹಿಡಿಯೋ ಕಣ್ಣು ಬೇರೆ. ಕಿಂಡಿಯಲ್ಲಿ ನಿನಗೆ ಜಗತ್ತೆಲ್ಲಾ ಕಾಣ್ತಿರತ್ತೆ, ಪಕ್ಕದಲ್ಲಿರೋ ಲೆನ್ಸಿಗೆ ಏನು ಕಂಡಿತು ಅಂತ ಅದು ಹೇಳಲ್ಲ." ತಮ್ಮ ತಮಾಷೆಗೆ ಯಾರೂ ನಗದಿದ್ದುದನ್ನು ಕಂಡು ಅವರು ಗಂಟಲು ಸರಿಮಾಡಿಕೊಂಡರು. "ಫಿಲ್ಮು ಚಕ್ರಕ್ಕೆ ಹತ್ತದೇ ಇದ್ದಿರಬಹುದು. ಪರದೆ ತೆರೆಯದೇ ಇದ್ದಿರಬಹುದು. ಇಲ್ಲಾ, ಮುಚ್ಚಳ ತೆಗೀದೇ ಹೊಡೆದಿರಬಹುದು. ಮುಚ್ಚಳ ತೆಗೆದಿದ್ಯಾ?"

"ತೆಗೆದು ಚೀಲಕ್ಕೆ ಹಾಕಿದ್ದೆ ಅಂತ ನೆನಪು. ಚೀಲದಲ್ಲಿ ಇಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಇನ್‌ಸ್ಪೆಕ್ಟರ್ ಉದ್ದವಾಗಿ ಉಸಿರು ಬಿಟ್ಟರು. ಫಿಲ್ಮು ತೊಳೆಯುವಷ್ಟು ಹೊತ್ತೂ ಅವರು ಅಲ್ಲಿಂದ ಕದಲಿರಲಿಲ್ಲ. ದನದ ಸಂತೆಯಲ್ಲಿ ಹಲ್ಲು ನೋಡುವವರಂತೆ ನಿಧಾನದ ಮನುಷ್ಯ.

"ಯಾವ ಕಾರಣವಾದ್ರೂ ಆಗಲಿ," ಎಂದರು. "ಈ ವಿಷಯ ಈ ಕೋಣೆ ದಾಟಬಾರದು. ಫೋಟೋ ಬಂದಿದೆ, ಮುಖ ಸ್ಪಷ್ಟವಾಗಿದೆ, ನಾಳೆ ದೊಡ್ಡದು ಮಾಡಿಸ್ತಾರೆ. ಕೇಳಿದವರಿಗೂ ಹೇಳು, ಕೇಳದೇ ಇದ್ದವರಿಗೂ ಹೇಳು."

"ಹೇಳಿದ್ರೆ?"

"ಹೆದರಿದವನು ಸುಮ್ಮನೆ ಕೂರಲ್ಲ, ಅಲುಗಾಡ್ತಾನೆ. ಅಜ್ಜನ ಅಳಿಯನ ಮೇಲೆ ನನಗೆ ಅನುಮಾನ ಇತ್ತು; ಅವನು ಅವತ್ತು ಊರಲ್ಲೇ ಇರಲಿಲ್ಲ. ಹೀಗಾಗಿ ಉಳಿದವನು ನಿನ್ನ ತಮ್ಮ. ತಲೆ ಒಡೀತೀನಿ ಅಂತ ಅಂಗಡಿ ಮುಂದೆ ಕೂಗಾಡಿದ್ದನ್ನ ಬೀದಿಯೆಲ್ಲಾ ಕೇಳಿದೆ. ನಾಳೆ ಕೋರ್ಟಿಗೆ ಹಾಜರು ಮಾಡಬೇಕು. ಬೇರೆಯವನು ಸಿಗದೇ ಇದ್ರೆ ನಾನಾದ್ರೂ ಏನು ಮಾಡಲಿ?"

"ಆ ಬೇರೆಯವನು ನನ್ನನ್ನೇ ಹುಡುಕ್ಕೊಂಡು ಬಂದ್ರೆ ಸರ್?"

"ನಾನಿದೀನಲ್ಲಮ್ಮಾ," ಎಂದು ಅವರು ಟೋಪಿ ಏರಿಸಿಕೊಂಡರು.

*

ಸೋದರಮಾವನ ಮನೆಗೆ ದೂರವೇನಿಲ್ಲ. ಹುಲ್ಲಿನ ಗಾಡಿಗಳು ನಿಲ್ಲುವ ಬಯಲು, ಹಗ್ಗದ ಅಂಗಡಿ, ಹಳೇ ಟೈರುಗಳ ರಾಶಿ, ಆಮೇಲೆ ಅವರ ಬೀದಿ. ಗುಬ್ಬಿ ಬಿಸಿಲಿನಲ್ಲಿ ನಡೆದಳು. ಬೆನ್ನಿಗೆ ಮಾತ್ರ ತಣ್ಣಗೆ ಬೆವರು ಇಳಿಯುತ್ತಿತ್ತು.

"ಏನೇ, ಫೋಟೋ ಬಂತಂತಾ?" ಹಗ್ಗದವಳು ಹುರಿ ಹೊಸೆಯುತ್ತಲೇ ಕೇಳಿದಳು.

"ಬಂತು. ಮುಖ ಚೆನ್ನಾಗಿ ಕಾಣತ್ತೆ."

"ಯಾರದು?"

"ನಾಳೆ ಗೊತ್ತಾಗತ್ತೆ."

"ಇವತ್ತೇ ಹೇಳಿದ್ರೆ ನಿನ್ನ ನಾಲಿಗೆ ಸವೆದು ಹೋಗತ್ತಾ? ರಾತ್ರಿ ನನಗೆ ನಿದ್ದೆ ಬರೋದು ಬೇಡವಾ?"

ಹಗ್ಗದವಳ ಅಂಗಡಿಯಲ್ಲಿ ಹಗ್ಗ ಆರಿಸುತ್ತಿದ್ದ ಗಿರಾಕಿ ತಲೆ ಎತ್ತಿ ಗುಬ್ಬಿಯನ್ನು ನೋಡಿದ. ಅವನು ಯಾರೋ ಏನೋ. ಗುಬ್ಬಿಯ ಕಾಲು ತಾನಾಗಿ ಬಿರುಸಾಯಿತು. ಮುಂದಿನ ತಿರುವಿನವರೆಗೂ ಹಿಂದೆ ಯಾವುದೋ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ತಿರುಗಿ ನೋಡಿದಳು. ಒಂದು ಕರು ಗೋಡೆಗೆ ಮೈ ಉಜ್ಜುತ್ತಿತ್ತು.

ಹೆದರಿಕೆಯಲ್ಲಿ ಮನಸ್ಸು ಮತ್ತೆ ಮತ್ತೆ ಅದೇ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತಿತ್ತು.

ಅವಳ ಹಳೇ ಕ್ಯಾಮೆರಾಕ್ಕೆಂದು ತಮ್ಮನು ಪೇಟೆಯಿಂದ ದೊಡ್ಡ ಹೆಸರಿನ ಹಳೇ ಲೆನ್ಸೊಂದನ್ನು ತಂದಿದ್ದ. ಗಡಿಯಾರದ ಜೊತೆ ಕ್ಯಾಮೆರಾಗಳನ್ನೂ ರಿಪೇರಿ ಮಾಡುತ್ತಿದ್ದ ಅಜ್ಜ ಅದನ್ನು ನೋಡಿದವನೇ, ಇದು ಅಗ್ಗದ ಲೆನ್ಸು, ಮೇಲಿನ ಹೆಸರು ಮಾತ್ರ ಸುಳ್ಳು ಎಂದಿದ್ದ. ಕಡಿಮೆ ಬೆಲೆಗೆ ಹೊಡೆದುಕೊಳ್ಳಲು ಮುದುಕ ನಾಟಕ ಆಡುತ್ತಿದ್ದಾನೆಂದು ತಮ್ಮನು ಬೀದಿಗೆಲ್ಲ ಕೇಳುವಂತೆ ಕೂಗಿ, ತಲೆ ಒಡೆಯುತ್ತೇನೆಂದು ಹೆದರಿಸಿ ಹೊರಟುಹೋಗಿದ್ದ. ಅವನ ಪರವಾಗಿ ಕ್ಷಮೆ ಕೇಳಲು ಹೋದವಳನ್ನು ಅಜ್ಜ ಪಕ್ಕಕ್ಕೆ ಕೂರಿಸಿಕೊಂಡ.

"ಹೊಸಬರು ಮೊದಲು ಹೆಸರು ಓದ್ತಾರೆ ಮಗಳೇ, ಆಮೇಲೆ ಗಾಜು ನೋಡ್ತಾರೆ. ನೀನು ಹೆಸರು ಓದಲೇಬೇಡ. ಹಿಂದಿನಿಂದ ಟಾರ್ಚು ಬಿಡು. ಜೇಡರ ಬಲೆ ಹಾಗೆ ಕಂಡ್ರೆ ಬೂಷ್ಟು, ಕೆಳಗಿಟ್ಟು ಎದ್ದು ಬಾ. ಸಣ್ಣ ಗೀರಿದ್ರೆ ತಲೆ ಕೆಡಿಸ್ಕೋಬೇಡ. ನನ್ನ ಕನ್ನಡಕದ ತುಂಬಾ ಗೀರೇ, ನಿನ್ನ ಮುಖ ಕಾಣ್ತಾನೇ ಇದೆಯಲ್ಲ. ಉಂಗುರ ಮಾತ್ರ ಬೆಣ್ಣೆ ಹಾಗೆ ತಿರುಗಬೇಕು."

"ಕರಕರ ಅಂದ್ರೆ?"

"ಮುದುಕಾಗಿದೆ ಅಂತ. ನನ್ನ ಮಂಡಿ ಹಾಗೆ. ಎಣ್ಣೆ ಬಿಟ್ರೆ ಇನ್ನೊಂದಿಷ್ಟು ದಿನ ನಡೆಯತ್ತೆ."

ಆಮೇಲೆ ತಮ್ಮನ ಲೆನ್ಸಿನ ಮುಂಭಾಗದ ಬಳೆಯನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದ್ದ. ಕಾರ್ಖಾನೆಯ ಅಕ್ಷರದ ಗೆರೆ ಎಲ್ಲ ಕಡೆ ಒಂದೇ ಆಳ ಇರುತ್ತದೆ. ಇದು ಕೈಯಲ್ಲಿ ಕೊರೆದದ್ದು. ಅಂಕಿಗಳ ನಡುವೆ ಒಂದು ಎಂಟು. ಅಡ್ಡ ದಾಟುವ ಗೆರೆಯೇ ಇಲ್ಲ. ಒಂದು ದೊಡ್ಡ ಸೊನ್ನೆ, ಅದರ ತಲೆ ಮೇಲೆ ಕೂತ ಇನ್ನೊಂದು ಚಿಕ್ಕ ಸೊನ್ನೆ. "ಈ ಕೈ ನನಗೆ ಗೊತ್ತು. ಅವನು ಸಂಜೆ ಬರ್ತಾನೆ. ಮೊದಲು ಅವನನ್ನ ಕೇಳ್ತೀನಿ, ಆಮೇಲೆ ನಿಂಗೆ ಹೇಳ್ತೀನಿ," ಎಂದಿದ್ದ ಅಜ್ಜ.

ಬದಲಿಗೆ ಅವಳಿಗೆ ಅಗ್ಗದ್ದೇ ಆದ, ಪ್ರಾಮಾಣಿಕವಾದ ಒಂದು ಲೆನ್ಸನ್ನು ಕ್ಯಾಮೆರಾಕ್ಕೆ ತಿರುಪಿ ಕೊಟ್ಟ. ಅದಕ್ಕೆ ಮುಚ್ಚಳ ಇರಲಿಲ್ಲ. ಮುಲಾಮಿನ ಡಬ್ಬಿಯ ಹಸಿರು ಮುಚ್ಚಳಕ್ಕೆ ಒಳಗೆ ಬಟ್ಟೆ ಅಂಟಿಸಿ ತೊಡಿಸಿದ. "ಹೊರಗೆ ಹೋಗಿ ನಾಲ್ಕು ಚಿತ್ರ ಹೊಡೆದು ಬಾ. ಕಿಂಡಿಯ ನಡುವೆ ಒಂದೇ ವಸ್ತು ಎರಡಾಗಿ ಕಾಣತ್ತೆ. ಉಂಗುರ ತಿರುಗಿಸಿ ಎರಡನ್ನೂ ಒಂದು ಮಾಡು, ಆಮೇಲೆ ಗುಂಡಿ ಒತ್ತು."

ಬೆಕ್ಕು, ಬಕೆಟ್ಟು, ಒಣಗಲು ಹಾಕಿದ ಗೋಣಿ. ಹೀಗೆ ಹೊಡೆಯುತ್ತಾ ಅವಳು ಹಿಂದಿನ ಗಲ್ಲಿಗೆ ಬಂದಿದ್ದಳು. ಅಜ್ಜನ ಹಿಂಬಾಗಿಲು ತೆರೆಯಿತು. ತಲೆಗೆ ಟವೆಲ್ಲು ಹೊದ್ದ ಒಬ್ಬ ಹೊಸ್ತಿಲ ಮೇಲೆ ನಿಂತ. ಹಳೇ ಕಿಂಡಿ ಮೊದಲೇ ಮಬ್ಬು. ಗಲ್ಲಿಯಲ್ಲಿ ಬೆಳಕೂ ಕಮ್ಮಿ. ಅವನ ಮುಖ ಒಂದರ ಮೇಲೊಂದು ಎರಡಾಗಿ ಕಂಡಿತು. ಒಂದು ಮಾಡಲೆಂದು ಅವಳು ಉಂಗುರ ತಿರುಗಿಸಿದಳು. ಎರಡು ಮುಖಗಳೂ ಹತ್ತಿರ ಬರುತ್ತಿದ್ದಾಗಲೇ ಬೆರಳು ಗುಂಡಿ ಒತ್ತಿತು. ಕಣ್ಣಿಂದ ಕ್ಯಾಮೆರಾ ಇಳಿಸುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮುಂಬಾಗಿಲಿಗೆ ಸುತ್ತು ಹಾಕಿ ಹೋಗಿ ನೋಡಿದರೆ, ಅಜ್ಜನ ತಲೆ ಮೇಜಿನ ಮೇಲಿತ್ತು. ಮೇಜಿನ ಮೇಲಿನ ಗಡಿಯಾರಗಳೆಲ್ಲ ನಡೆಯುತ್ತಿದ್ದವು. ಎದೆಗೆ ಕ್ಯಾಮೆರಾ ಬಡಿಯುತ್ತಿದ್ದಂತೆ ಕಿರುಚುತ್ತಾ ಓಡಿದ್ದಳು. ಬೀದಿಯ ತಿರುವಿನಲ್ಲೇ ಇನ್‌ಸ್ಪೆಕ್ಟರ್ ಸಿಕ್ಕಿದ್ದು ಅವಳ ಪುಣ್ಯ. ಹಿಂಬಾಗಿಲಲ್ಲಿ ನಿಂತವನ ಫೋಟೋ ಹೊಡೆದಿದ್ದೇನೆ ಎಂದು ಅಲ್ಲೇ ಅವರಿಗೆ ಹೇಳಿದ್ದಳು.

*

ಮಾವ ನಡುಮನೆಯಲ್ಲಿ ಕೂತು ತಕ್ಕಡಿಯೊಂದರ ದಂಡಿಗೆ ಅರ ಹಾಕುತ್ತಿದ್ದ. ಸುತ್ತಲ ಅಂಗಡಿಗಳ ತಕ್ಕಡಿಗಳೆಲ್ಲ ಕೊನೆಗೆ ಬರುವುದು ಅವನ ಬಳಿಗೇ. ತೊಲೆಯಿಂದ ಸಾಲಾಗಿ ತೂಗಿದ ತಟ್ಟೆಗಳು ಗಾಳಿಗೆ ಅಲುಗಿ ಒಂದಕ್ಕೊಂದು ತಾಗುತ್ತಿದ್ದವು. ತಾಯಿ ತಂದೆ ಹೋದಮೇಲೆ ಅಕ್ಕ ತಮ್ಮ ಬೆಳೆದದ್ದು ಈ ಸದ್ದಿನ ಕೆಳಗೆ. ಗುಬ್ಬಿ ಎಂಬ ಹೆಸರು ಇಟ್ಟವನೂ ಅವನೇ.

"ಬಾ ಗುಬ್ಬಿ. ಮುಖ ಏನೇ ಹೀಗಾಗಿದೆ, ಹಿಂಡಿದ ನಿಂಬೆಹಣ್ಣು ಇದ್ದ ಹಾಗೆ? ಕೂತ್ಕೋ. ಚಾ ಇದೆ, ಕುಡಿ."

"ಬೇಡ ಮಾವ."

"ವಕೀಲರ ಹತ್ರ ಮಾತಾಡಿದೀನಿ. ನಾಳೆ ಬರ್ತಾರೆ. ಜಾಮೀನು ಸಿಗೋದು ಕಷ್ಟ ಅಂದ್ರು, ಆದ್ರೂ ಬರ್ತಾರೆ."

ಅವನ ದನಿ ಕೇಳಿ ಅವಳಿಗೆ ಅಳು ಬಂತು. ಎಲ್ಲವನ್ನೂ ಹೇಳಿಬಿಡೋಣ ಎನಿಸಿತು. ಇನ್‌ಸ್ಪೆಕ್ಟರ ಮಾತು ನೆನಪಾಗಿ, ನುಂಗಿಕೊಂಡಳು.

"ವಕೀಲರ ಅಗತ್ಯ ಬೀಳಲ್ಲ ಮಾವ. ಫೋಟೋ ಬಂದಿದೆ. ಮುಖ ಚೆನ್ನಾಗಿ ಕಾಣತ್ತೆ."

ಅರದ ಸದ್ದು ನಿಂತಿತು.

"ಬಂದಿದೆಯಾ?"

"ಹೂಂ."

"ನೀನೇ ಕಣ್ಣಾರೆ ನೋಡಿದ್ಯಾ?"

"ನೋಡಿದೆ."

ಮಾವ ತಲೆ ಅಲ್ಲಾಡಿಸಿದ. ಮುದ್ದಿನ ಮಗು ಸುಳ್ಳು ಹೇಳಿದಾಗ ನಗುವಂತೆ ಒಂದು ನಗೆ. "ಯಾರೋ ನಿನ್ನ ತಲೆ ಸವರಿದಾರೆ ಗುಬ್ಬಿ. ಸುಮ್ಮನೆ ಆಸೆ ಇಟ್ಕೋಬೇಡ, ಆಮೇಲೆ ಸಂಕಟ ಪಡ್ತೀಯ. ಮುಲಾಮು ಡಬ್ಬಿ ಮುಚ್ಚಳ ಮುಂದೆ ಇಟ್ಕೊಂಡು ಹೊಡೆದ್ರೆ ಯಾವ ಫೋಟೋ..."

ಮಾತು ಅಲ್ಲಿಗೇ ನಿಂತಿತು.

ತಕ್ಕಡಿಯ ತಟ್ಟೆಗಳು ಟಿಣ್ ಟಿಣ್ ಎಂದವು.

ಮುಲಾಮು ಡಬ್ಬಿಯ ಮಾತನ್ನು ಗುಬ್ಬಿ ಯಾರಿಗೂ ಹೇಳಿರಲಿಲ್ಲ. ಅದನ್ನು ತೊಡಿಸಿದವನು ಸತ್ತಿದ್ದ. ಅದು ಲೆನ್ಸಿನ ಮೇಲೇ ಉಳಿದಿತ್ತು ಎಂಬುದು ಅವಳಿಗೇ ಈ ಕ್ಷಣದವರೆಗೂ ತಿಳಿದಿರಲಿಲ್ಲ; ಆಮೇಲೆ ಓಡುವಾಗ ಎಲ್ಲೋ ಉದುರಿಹೋಗಿರಬೇಕು. ಕಿಂಡಿಗೆ ಕಣ್ಣಿಟ್ಟವಳಿಗೆ ಅದು ಕಾಣುವಂತಿರಲಿಲ್ಲ. ಅದು ಕಾಣುತ್ತಿದ್ದುದು ಎದುರಿಗೆ ನಿಂತವನಿಗೆ, ಅವನೊಬ್ಬನಿಗೇ.

ಫಿಲ್ಮನ್ನು ಪೊಲೀಸರಿಗೆ ಕೊಡಲು ಅವಳು ಹಿಂಜರಿದಾಗ, ಧೈರ್ಯವಾಗಿ ಕೊಡು ಎಂದು ಹುರಿದುಂಬಿಸಿದ್ದು ಇದೇ ಮಾವ. ಅದರಲ್ಲಿ ಏನೂ ಇರುವುದಿಲ್ಲವೆಂದು ಗೊತ್ತಿದ್ದ ಧೈರ್ಯ ಅದು.

ಅವಳ ಕಣ್ಣು ತಾನಾಗಿ ಅವನ ತೊಡೆಯ ಮೇಲಿನ ದಂಡಿಯ ಕಡೆ ಹೊರಳಿತು. ಹಿತ್ತಾಳೆಯ ಮೇಲೆ ಆಗತಾನೇ ಕೊರೆದ ಅಂಕಿಗಳು ಹೊಳೆಯುತ್ತಿದ್ದವು. ಅದರಲ್ಲೊಂದು ಎಂಟು. ದೊಡ್ಡ ಸೊನ್ನೆಯ ಮೇಲೆ ಚಿಕ್ಕ ಸೊನ್ನೆ. ಅವಳು ಅಂಕಿ ಕಲಿತದ್ದು ಈ ಎಂಟನ್ನು ನೋಡಿಯೇ. ಶಾಲೆಯಲ್ಲಿ ಹಾಗೆ ಬರೆದು ಬೈಸಿಕೊಂಡಿದ್ದಳು ಕೂಡ.

"ಮಾವ," ಎಂದಳು. ದನಿ ತನ್ನದಲ್ಲ ಎನ್ನುವಂತಿತ್ತು. "ಹಿಂಬಾಗಿಲಲ್ಲಿ ನಿಂತಿದ್ದು ನೀನು."

ಮಾವ ಅರವನ್ನು ಕೆಳಗಿಟ್ಟ. ಎದ್ದ. ಹೋಗಿ ಬಾಗಿಲು ಹಾಕಿ ಚಿಲಕ ಸರಿಸಿದ. ಮಧ್ಯಾಹ್ನದ ಬೆಳಕು ಒಂದು ಸೀಳಾಗಿ ಒಳಗೆ ಉಳಿಯಿತು.

"ಬಾಗಿಲು ಯಾಕೆ ಹಾಕ್ತೀಯ?"

"ಕೂಗಬೇಡ. ಕೂತ್ಕೊಂಡು ಕೇಳು."

"ನಾನು ನಿಂತೇ ಕೇಳ್ತೀನಿ."

ಅವಳ ಬೆನ್ನಿಗೆ ಗೋಡೆ ತಾಗಿತು. ಹಿಂದೆ ಸರಿದಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

"ಅಕ್ಷರ ಕೊರೆದವನು ನಾನೇ," ಎಂದ ಮಾವ. "ಒಪ್ಕೋತೀನಿ. ಅಗ್ಗದ ಲೆನ್ಸಿನ ಬಳೆ ತಂದು ಕೊಡೋರು, ಹಳೇ ಹೆಸರು ಉಜ್ಜಿ ದೊಡ್ಡ ಹೆಸರು ಕೊರೆದು ಕೊಡ್ತಿದ್ದೆ. ಹೊಸದಾಗಿ ಶೋಕಿ ಹತ್ತಿದವರು ಹೆಸರು ನೋಡಿ ತಗೊಳ್ತಾರೆ, ಅವರಿಗೆ ಅದೇ ಖುಷಿ, ಯಾರ ಹೊಟ್ಟೆ ಮೇಲೂ ಹೊಡೀತಿಲ್ಲ ಅಂದ್ಕೊಂಡಿದ್ದೆ. ಸುತ್ತಿಕೊಂಡು ನನ್ನ ಮನೆಗೇ ಬರತ್ತೆ ಅಂತ ಕನಸು ಬಿದ್ದಿತ್ತಾ?"

"ಅದಕ್ಕೆ ಅಜ್ಜನ್ನ ಕೊಂದ್ಯಾ?"

"ಇಲ್ಲ!" ಮಾವನ ಕೂಗಿಗೆ ಅವಳು ಬೆಚ್ಚಿದಳು. ಅವನೂ ಬೆಚ್ಚಿ ದನಿ ತಗ್ಗಿಸಿದ. "ಇಲ್ಲ ಗುಬ್ಬಿ. ಸಂಜೆ ಬಾ ಅಂತ ಹೇಳಿ ಕಳಿಸಿದ್ದ. ಸಂಜೆವರೆಗೂ ತಡೆಯೋಕೆ ಆಗಲಿಲ್ಲ, ಮಧ್ಯಾಹ್ನಾನೇ ಹೋದೆ. ಕಾಲಿಗೆ ಬಿದ್ದು ಕೇಳ್ಕೊಳ್ಳೋಣ ಅಂತ ಹೋದೆ. ಹೋಗೋವಷ್ಟರಲ್ಲಿ ಮುಗಿದುಹೋಗಿತ್ತು. ಮೂಗಿನ ಹತ್ರ ಕೈ ಇಟ್ಟು ನೋಡಿದೆ. ಉಸಿರಿರಲಿಲ್ಲ. ಹೆದರಿ ಹಿಂಬಾಗಿಲು ತೆಗೆದೆ. ಎದುರಿಗೆ ನೀನು. ಕಣ್ಣಿಗೆ ಕ್ಯಾಮೆರಾ, ಲೆನ್ಸಿನ ಮೇಲೆ ಆ ಹಸಿರು ಮುಚ್ಚಳ. ಇನ್ನೊಂದು ದಿನವಾಗಿದ್ರೆ ಬಿದ್ದು ಬಿದ್ದು ನಗ್ತಿದ್ದೆ."

"ಹಾಗಿದ್ರೆ ಬಾಗಿಲು ಯಾಕೆ ಮುಚ್ಚಿಕೊಂಡೆ? ನನ್ನನ್ನ ಯಾಕೆ ಕರೀಲಿಲ್ಲ? ನಿನ್ನ ಕೈಯಾರೆ ಬೆಳೆಸಿದ ಹುಡುಗ ಒಳಗೆ ಕೂತಿದಾನಲ್ಲ ಮಾವ, ನಿನಗೆ ಗಂಟಲಲ್ಲಿ ಅನ್ನ ಹೇಗೆ ಇಳೀತು?"

"ಇಳೀಲಿಲ್ಲ. ಒಲೆ ಮೇಲೆ ನೋಡು, ಮಾಡಿದ್ದು ಹಾಗೇ ಇದೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ನಿನ್ನನ್ನ ನೋಡಿ ಬಾಗಿಲು ಹಾಕಲಿಲ್ಲ ಗುಬ್ಬಿ. ನಿನ್ನ ಬೆನ್ನ ಹಿಂದೆ ಇದ್ದೋನನ್ನ ನೋಡಿ ಹಾಕಿದೆ."

ಬೆನ್ನಿಗೆ ಗೋಡೆಯಿದ್ದರೂ ಅವಳು ತಿರುಗಿ ನೋಡಿದಳು.

"ನನ್ನ ಹಿಂದೆ ಯಾರೂ ಇರಲಿಲ್ಲ."

"ನಿನ್ನ ಕಣ್ಣು ಕಿಂಡಿಯಲ್ಲಿತ್ತು. ಗೋಣಿ ಒಣಹಾಕಿದ್ರಲ್ಲ, ಅದರ ಪಕ್ಕಕ್ಕೆ ನಿಂತಿದ್ದ. ಕೈಯಲ್ಲಿ ಅಜ್ಜನ ಟಾರ್ಚು. ಆ ಹಿತ್ತಾಳೆ ಟಾರ್ಚು, ನಾನೇ ಬೆಸುಗೆ ಹಾಕಿ ಕೊಟ್ಟಿದ್ದು. ನಿನ್ನ ತಲೆ ಮೇಲಿಂದ ನನ್ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟ. ಆಮೇಲೆ ಆ ಬೆರಳನ್ನ ನಿನ್ನ ಕಡೆ ತೋರಿಸಿದ. ಬಾಯಿ ಬಿಟ್ರೆ ಇವಳು ಅಂತ. ನಾನು ಬಾಗಿಲು ಹಾಕಿ ಮುಂದಿನಿಂದ ಓಡಿಹೋದೆ."

"ಯಾರು?"

"ಬಳೆ ತಂದು ಕೊಡ್ತಿದ್ದೋನು."

"ಯಾರು ಮಾವ?"

"ಜೀಪಿನಲ್ಲಿ ಬರ್ತಿದ್ದ," ಎಂದ ಮಾವ. "ಕಳ್ಳರ ಹತ್ರ ಹಿಡಿದ ಮಾಲು."

ಗುಬ್ಬಿಗೆ ಬೀದಿಯ ತಿರುವು ಕಣ್ಣ ಮುಂದೆ ಬಂತು. ಕರೆಯುವ ಮೊದಲೇ ಅಲ್ಲಿ ನಿಂತಿದ್ದ ಮನುಷ್ಯ. ಹಿಂದೆ ನಿಂತವನಿಗೆ ಮುಚ್ಚಳ ಕಾಣುವುದಿಲ್ಲ. ಚಿತ್ರದಲ್ಲಿ ಮಾವ ಸಿಕ್ಕಿಬಿದ್ದರೆ ತನ್ನ ಹೆಸರು ಹೇಳುತ್ತಾನೆಂದು ಅವನು ಹೆದರಿರಬೇಕು. ಫಿಲ್ಮು ತಿಳಿಯಾಗಿ ಮೇಲೆದ್ದಾಗ ಬಿಟ್ಟ ಆ ಉದ್ದನೆಯ ಉಸಿರು ಬೇಸರದ್ದೆಂದು ಅವಳು ತಿಳಿದಿದ್ದಳು. ಇರಬಹುದು. ಇಲ್ಲದೆಯೂ ಇರಬಹುದು. ಮಾವನೇ ಈಗ ನಿಂತಲ್ಲೇ ಕತೆ ಹೆಣೆಯುತ್ತಿದ್ದರೆ? ಅವನ ಮಾತಿಗೆ ಸಾಕ್ಷಿ ಯಾರು? ಖಾಲಿ ಫಿಲ್ಮು ಯಾರ ಪರವಾಗಿಯೂ ಬಾಯಿ ಬಿಡುವಂತಿರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಜೀಪು ಬಂದು ನಿಂತ ಸದ್ದು. ಇಂಜಿನ್ನು ಆರಲಿಲ್ಲ.

ಬಾಗಿಲು ತಟ್ಟಿದರು. ಅವಸರವಿಲ್ಲದ, ನಿಧಾನದ ತಟ್ಟು.

"ಬಾಗಿಲು ತೆಗಿಯಮ್ಮ, ನಾನು." ಇನ್‌ಸ್ಪೆಕ್ಟರ ದನಿ. "ನಿನ್ನ ತಮ್ಮನ್ನ ಕರ್ಕೊಂಡು ಬಂದಿದೀನಿ."

ಗುಬ್ಬಿ ಬಾಗಿಲ ಕಡೆ ಓಡಿದಳು. ಮಾವ ಅಡ್ಡ ಬಂದ. "ತೆಗೀಬೇಡ. ನಾಳೆ ಕೋರ್ಟಿಗೆ ಹಾಜರು ಮಾಡೋ ಆರೋಪಿನ ಇವತ್ತು ಯಾರಾದ್ರೂ ಮನೆಗೆ ಕರ್ಕೊಂಡು ಬರ್ತಾರಾ? ತಲೆ ಉಪಯೋಗಿಸು."

ಅವಳು ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಪೇದೆ ಯಾರೂ ಇರಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ತಮ್ಮ ಕೂತಿದ್ದ. ಕೈಗಳ ಮೇಲೆ ಬಟ್ಟೆ ಹೊದಿಸಿತ್ತು. ಮುಖ ಇಳಿದು ಯಾರದೋ ಮುಖದಂತಿತ್ತು. ಇನ್‌ಸ್ಪೆಕ್ಟರ್ ಬಾಗಿಲಿನಿಂದ ಹಿಂದೆ ಸರಿದು ಜೀಪಿನ ಪಕ್ಕಕ್ಕೆ ಹೋಗಿ, ಅವನ ಹೆಗಲ ಮೇಲೆ ಕೈಯಿಟ್ಟರು.

"ತಮ್ಮಾ!" ಎಂದು ಕೂಗಿದಳು.

"ಅಕ್ಕಾ." ಅವನು ತಲೆ ಎತ್ತಿದ. "ಮಾವ ಒಳಗಿದಾನಾ?"

ಅವಳು ಕಿಟಕಿಯ ಸರಳು ಹಿಡಿದು ಇನ್ನಷ್ಟು ಬಾಗಿದಳು.

"ಇದ್ರೆ ಬೇಗ ಹೊರಗೆ ಬಾ ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ. ಅವನು ಏನು ಹೇಳಿದ್ರೂ ನಂಬಬೇಡ. ನೀನೊಬ್ಬಳೇ ಬಾ."

ಅದು ತಮ್ಮನ ಮಾತೋ, ಹೆಗಲ ಮೇಲಿನ ಕೈ ಆಡಿಸಿದ ಮಾತೋ, ಆ ಸಂದಿಯಲ್ಲಿ ಅವಳಿಗೆ ತಿಳಿಯಲಿಲ್ಲ. ಆ ಕೈ ಅವನನ್ನು ಸಂತೈಸುತ್ತಿತ್ತೋ ಅದುಮಿ ಹಿಡಿದಿತ್ತೋ, ಅದೂ ತಿಳಿಯಲಿಲ್ಲ.

ತಿರುಗಿದಳು.

ಮಾವನ ಒಂದು ಕೈ ಚಿಲಕದ ಮೇಲಿತ್ತು. ಇನ್ನೊಂದು ಬೆನ್ನ ಹಿಂದಿತ್ತು.